ತಂಗಿಯ ಕೈಗುಣ

ನಮ್ಮ ಯಜಮಾನರು ತೀರಿಕೊಂಡ ಮೇಲೆ ತಂಗಿ ನನ್ನ ಜೊತೆಗೇ ಇದ್ದಾಳೆ. ಔಷಧ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಇಲಿಗಳನ್ನು ನೋಡಿಕೊಳ್ಳುವುದು ಅವಳ ಕೆಲಸ. ಆ ಕೋಣೆಗಳಿಗೆ ಕಿಟಕಿಯಿಲ್ಲ. ದೀಪ ಹೊತ್ತುವುದೂ ಆರುವುದೂ ಯಂತ್ರದ ಇಷ್ಟ. ಹೊರಗೆ ಮಳೆಯೋ ಬಿಸಿಲೋ ಒಳಗಿದ್ದವರಿಗೆ ತಿಳಿಯದು.

ಕೆಲಸಕ್ಕೆ ಹೋಗುವಾಗ ಅವಳು ಘಮಘಮಿಸುವ ಸೋಪು ಹಚ್ಚುವುದಿಲ್ಲ. ಹೊಸ ವಾಸನೆಗೆ ಇಲಿಗಳು ಬೆದರುತ್ತವೆ. ಕೈಗವಸು ತೊಟ್ಟು, ಪಂಜರದ ಮರದ ಹೊಟ್ಟಿನಲ್ಲಿ ಕೈಯನ್ನು ಸುಮ್ಮನೆ ಇಟ್ಟಿರುತ್ತಾಳೆ. ಅವು ಮೂಸಿ, ತಾವಾಗಿ ಹತ್ತಿದ ಮೇಲೆ ಬೊಗಸೆಯಲ್ಲಿ ಎತ್ತುತ್ತಾಳೆ. ಬಾಲ ಹಿಡಿದು ಎತ್ತುವುದೇ ಇಲ್ಲ.

ಪರೀಕ್ಷೆ ಮುಗಿದ ಇಲಿಗಳಿಗೆ ಕೊನೆಯ ಸೂಜಿ ಚುಚ್ಚುತ್ತಾರೆ. ಚುಚ್ಚುವವರು ಡಾಕ್ಟರಮ್ಮ, ಹಿಡಿದುಕೊಳ್ಳುವವಳು ತಂಗಿ. ಈಚೆಗೆ ಆ ದಿನ ಅವಳು ಮನೆಗೆ ಬಂದು ತಟ್ಟೆ ಮುಟ್ಟುತ್ತಿರಲಿಲ್ಲ.

"ಕೆಲಸ ಬಿಟ್ಟುಬಿಡೇ" ಎಂದೆ.

"ಸಾಕೋದು ಇಷ್ಟ ಅಕ್ಕ. ಆ ಹಿಡಿಯೋದೊಂದು ಬೇಡ."

ಡಾಕ್ಟರಮ್ಮನನ್ನೇ ಕೇಳಿಕೊಂಡಳು. "ನಿಮ್ಮ ಕೈಯಲ್ಲಿ ಅವು ಹೆದರಲ್ಲ ಕಣ್ರೀ, ಅದಕ್ಕೇ ಒಂದೇ ಸಲಕ್ಕೆ ಮುಗಿಯುತ್ತೆ" ಎಂದರು ಅವರು. "ಆದ್ರೂ ಯಾರಿಗಾದ್ರೂ ಕಲಿಸಿ. ನಿಮ್ಮನ್ನ ಬಿಡ್ತೀನಿ."

ಉಗ್ರಾಣದ ಮೀಸೆಯಣ್ಣ ಒಪ್ಪಿದ. "ಮನೇಲಿ ಹೆಂಡ್ತೀನೇ ಸಂಭಾಳಿಸ್ತೀನಿ, ಇಲಿ ಯಾವ ಲೆಕ್ಕ?"

"ಅವರು ನಿಮ್ಮನ್ನ ಸಂಭಾಳಿಸೋದು ಅಂತ ಕೇಳಿದ್ದೆ" ಎಂದಳು ತಂಗಿ.

ಕಲಿತ, ಪಾಪ. ಅವನ ಕೈಮೇಲೂ ಇಲಿಗಳು ಹತ್ತತೊಡಗಿದವು. ತಂಗಿ ಹೊಟ್ಟೆತುಂಬ ಉಂಡಳು, ನನ್ನ ಜೊತೆ ಜಗಳವನ್ನೂ ಆಡಿದಳು.

ಕೊನೆಯ ಸೂಜಿಯ ದಿನ ಬಂತು. ತಂಗಿ ಪಂಜರವಿದ್ದ ಹೊರಕೋಣೆಯಲ್ಲಿ ಬಾಟಲಿ ತೊಳೆಯುತ್ತಿದ್ದಳು. ಮೀಸೆಯಣ್ಣ ಮೊದಲನೆಯದನ್ನು ಸರಿಯಾಗಿಯೇ ಹಿಡಿದು ಒಳಗೆ ಒಯ್ದ. ಸೂಜಿ ಚುಚ್ಚಿದೊಡನೆ ಅದು ಅವನ ಅಂಗೈಯಲ್ಲೇ ಸಡಿಲವಾಯಿತು. ಎರಡನೆಯದನ್ನು ಒಯ್ಯಲು ಬಂದವನು ಕೈಗವಸನ್ನು ಅಂಗಿಗೆ ಒರೆಸಿಕೊಂಡ. ಬೊಗಸೆಯಲ್ಲಿ ಎತ್ತಿದರೆ ಅದರ ಬೆಚ್ಚಗಿನ ಮೈ ತಾಗುತ್ತದೆಂದು, ಬಾಲದ ತುದಿ ಹಿಡಿದು ಎತ್ತಿಬಿಟ್ಟ. ಅದು ಕಿರುಚಿತು. ಪಂಜರದಲ್ಲಿದ್ದವೆಲ್ಲ ಒಂದರ ಮೇಲೊಂದು ಬಿದ್ದು ಮೂಲೆಗೆ ಒತ್ತಿಕೊಂಡವು.

"ನನ್ನ ಕೈಲಾಗಲ್ಲಮ್ಮ" ಎಂದ. "ನೀನು ಹೇಗಮ್ಮ ಮಾಡ್ತಿದ್ದೆ?"

ತಂಗಿ ಅವನ ಕೈಯಿಂದ ಇಲಿಯನ್ನು ಬಿಡಿಸಿಕೊಂಡು ಎದೆಗೊತ್ತಿ ಹಿಡಿದಳು. ಅದರ ಏದುಸಿರು ಇಳಿಯುವವರೆಗೆ ನಿಂತಿದ್ದು, ತಾನೇ ಒಳಗೆ ಹೋದಳು. ಉಳಿದವನ್ನೂ ಅವಳೇ ಒಯ್ದಳು.

"ಇನ್ನೊಬ್ಬರಿಗೆ ಕಲಿಸೋಣ ಅಂದ್ರು ಡಾಕ್ಟರಮ್ಮ" ಎಂದಳು ಮನೆಗೆ ಬಂದು. "ಬೇಡ ಅಂದೆ. ಅವರ ಕಲಿಕೆಗೆ ಅವು ಯಾಕೆ ಕಿರುಚಬೇಕು?"

ತಟ್ಟೆ ಹಾಕಿದೆ. ಪಕ್ಕಕ್ಕೆ ಸರಿಸಿದಳು.

"ಹೊಸ ಮರಿಗಳು ಬಂದಿವೆ ಅಕ್ಕ. ನಾಳೆಯಿಂದ ಕೈಗೆ ರೂಢಿ ಮಾಡಿಸಬೇಕು."