ಎಡ ಸೀಟಿನಲ್ಲಿ ಕೂತವರು

ಅವರ ಬಲಗೈ ಹೆಬ್ಬೆರಳಿಗೆ ಸದಾ ಒಂದು ರಬ್ಬರ್ ಟೊಪ್ಪಿಗೆ ಇರುತ್ತಿತ್ತು. ಕಚೇರಿಗಳಲ್ಲಿ ಕಾಗದ ಎಣಿಸುವವರು ಹಾಕಿಕೊಳ್ಳುವಂಥದ್ದು, ಇಟ್ಟಿಗೆ ಬಣ್ಣದ್ದು, ಮೈತುಂಬ ಸಣ್ಣ ಗುಳ್ಳೆಗಳಿದ್ದದ್ದು. ಸ್ಕ್ರೂ ತಿರುಗಿಸುವಾಗಲೂ, ಟೀ ಕುಡಿಯುವಾಗಲೂ ಅದನ್ನು ತೆಗೆಯುತ್ತಿರಲಿಲ್ಲ. ಅಪರೂಪಕ್ಕೆ ತೆಗೆದರೆ ಒಳಗಿನ ಚರ್ಮ ನೀರಿನಲ್ಲಿ ನೆನೆದಂತೆ ಬೆಳ್ಳಗೆ ಸುಕ್ಕಾಗಿರುತ್ತಿತ್ತು. ಅದೇಕೆ ಎಂದು ನಾನು ಕೇಳಿದ್ದು ಪರಿಚಯವಾದ ಎರಡನೇ ವರ್ಷದಲ್ಲಿ. ವರದಿಗಾರನಾದವನಿಗೆ ಅದು ತಡವೇ.

ಹುಣಸೂರಿನಲ್ಲಿ ಹೊಳೆಯ ಕಡೆಗೆ ಇಳಿಯುವ ರಸ್ತೆಯಲ್ಲಿ ಅವರ ಕಂಪ್ಯೂಟರ್ ರಿಪೇರಿ ಅಂಗಡಿ. ನಾನು ಆಗ ಒಂದು ದಿನಪತ್ರಿಕೆಗೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ತಾಲ್ಲೂಕುಗಳ ಸುದ್ದಿ ಕಳಿಸುತ್ತಿದ್ದೆ. ಕಾಡಂಚಿನ ಊರಿಗೆ ಹುಲಿ ಬಂದ ಸುದ್ದಿ ಬರೆಯುತ್ತಿದ್ದಾಗ ನನ್ನ ಕಂಪ್ಯೂಟರ್ ಪರದೆ ಕಪ್ಪಾಯಿತು. ಅದನ್ನು ಹೊತ್ತುಕೊಂಡು ಅವರ ಅಂಗಡಿಗೆ ಹೋದೆ. ಅವರು ಮುಚ್ಚಳ ಬಿಚ್ಚಿ, ಮೆಮೊರಿ ಪಟ್ಟಿಯನ್ನು ಹೊರಗೆಳೆದು, ಶಾಲೆಯ ಮಕ್ಕಳ ರಬ್ಬರಿನಿಂದ ಅದರ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ಉಜ್ಜಿ, ಮತ್ತೆ ಕೂರಿಸಿದರು. ಪರದೆ ಬೆಳಗಿತು. ನಾನು ಬೆರಗಾದದ್ದನ್ನು ನೋಡಿ, "ಎಲ್ಲ ಅಳಿಸೋ ರಬ್ಬರು, ಕಂಪ್ಯೂಟ್ರಿಗೆ ಮಾತ್ರ ಗ್ಯಾಪಕ ತತ್ತದೆ ಸಾರ್" ಎಂದರು.

ಕಂಪ್ಯೂಟರಿನ ಒಳಗಿನ ಧೂಳು ನೋಡಿ ಅದು ಯಾವ ಕಡೆಯದು ಎಂದು ಹೇಳಬಲ್ಲವರಾಗಿದ್ದರು. ಕೆಂಪಗಿದ್ದರೆ ಕೋಟೆಯದು. ಹಳದಿ ಹುಡಿಯಾದರೆ ನಮ್ಮ ಹುಣಸೂರಿನ ಮರ ಕೊಯ್ಯುವ ಮಿಲ್ಲಿನದು. ತವುಡಿನಂತೆ ನುಣ್ಣಗಿದ್ದರೆ ಕೆ.ಆರ್.ನಗರದ ರೈಸ್ ಮಿಲ್ಲಿನದು. ಆ ಕಡೆಯಿಂದ ಬಂದ ಡಬ್ಬವನ್ನು ಬಿಚ್ಚಿದಾಗ ಮಾತ್ರ ತಮಾಷೆ ಮಾಡುತ್ತಿರಲಿಲ್ಲ ಎಂಬುದನ್ನು ನಾನು ಗಮನಿಸಿದ್ದೆ. ಉಳಿದವರನ್ನು ತಮಾಷೆ ಮಾಡದೆ ಬಿಡುತ್ತಿರಲಿಲ್ಲ. ಗಾವಡಗೆರೆಯಿಂದ ಒಬ್ಬರು ಗೋಣಿಚೀಲದಲ್ಲಿ ಕಟ್ಟಿ ತಂದು, "ಆನ್ ಆಯ್ತಾನೇ ಇಲ್ಲ ಕಣಣ್ಣ" ಎಂದರು. ಬಿಚ್ಚಿ ನೋಡಿದವರು, "ಎಂಗಾದದು? ಒಳಗೆ ಹಲ್ಲಿ ಸಂಸಾರ ಊಡೈತೆ. ಮೊದ್ಲು ಅವುಕ್ಕೆ ಬೇರೆ ಮನೆ ನೋಡಿ" ಎಂದರು.

ಮದುವೆಯಾಗಿರಲಿಲ್ಲ. ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲೇ ವಾಸ. ಪಿರಿಯಾಪಟ್ಟಣದಲ್ಲಿ ಒಬ್ಬ ತಂಗಿ ಇದ್ದರು. ಅವರ ಮನೆಗೆ ಗೌರಿ ಹಬ್ಬಕ್ಕೆ ಹೋಗಿ ಅದೇ ದಿನ ಸಂಜೆ ವಾಪಸಾಗುತ್ತಿದ್ದರು.

ಹಿಂದಿನ ಕೋಣೆಗಳಲ್ಲಿ ಒಂದರ ತುಂಬ ಒಂದು ಯಂತ್ರವಿತ್ತು. ಕಬ್ಬಿಣದ ಕೊಳವೆಗಳ ಚೌಕಟ್ಟು, ಎದುರಿಗೆ ಮೂರು ಪರದೆ, ಸ್ಟೀರಿಂಗ್, ಕಾಲಿನ ಕೆಳಗೆ ಪೆಡಲುಗಳು. ಕಾರ್ ರೇಸಿನ ಆಟವನ್ನು ಮನೆಯಲ್ಲೇ ನಿಜದ ಹಾಗೆ ಆಡುವವರು ಇಂಥದನ್ನು ಕಟ್ಟಿಕೊಳ್ಳುತ್ತಾರೆಂದು ನನಗೆ ಗೊತ್ತಿತ್ತು. ಆದರೆ ಅವೆಲ್ಲಕ್ಕೂ ಒಂದೇ ಸೀಟಿರುತ್ತದೆ. ಇದಕ್ಕೆ ಎರಡಿದ್ದವು. ಅವರು ಕೂರುತ್ತಿದ್ದದ್ದು ಸ್ಟೀರಿಂಗ್ ಇಲ್ಲದ ಎಡ ಸೀಟಿನಲ್ಲಿ.

"ನಾನು ಡ್ರೈವರ್ ಅಲ್ಲ ಕಣ್ರೀ. ಓದೋನು" ಎಂದರು.

ರ‍್ಯಾಲಿ ಕಾರಿನಲ್ಲಿ ಇಬ್ಬರಿರುತ್ತಾರೆ. ಒಬ್ಬರು ಓಡಿಸುತ್ತಾರೆ. ಪಕ್ಕದಲ್ಲಿ ಕೂತ ನ್ಯಾವಿಗೇಟರ್ ಮುಂದಿನ ರಸ್ತೆಯನ್ನು ಪುಸ್ತಕ ನೋಡಿ ಓದುತ್ತಾ ಹೋಗುತ್ತಾರೆ. "ಎಡ ಐದು, ಎಂಬತ್ತು, ಬಲ ಎರಡು" ಎಂದರೆ ಎಡಕ್ಕೆ ಸಲೀಸಾದ ತಿರುವು, ಎಂಬತ್ತು ಮೀಟರ್ ಆದಮೇಲೆ ಬಲಕ್ಕೆ ಬಿಗಿಯಾದ ತಿರುವು. ಅಂಕಿ ಸಣ್ಣದಾದಷ್ಟೂ ತಿರುವು ಕಷ್ಟದ್ದು. ಡ್ರೈವರ್ ಆ ದನಿಯನ್ನು ಕೇಳಿಕೊಂಡು ಕಾಣದ ತಿರುವಿಗೆ ಕಾರು ನುಗ್ಗಿಸುತ್ತಾನೆ. ಇವರು ಹರೆಯದಲ್ಲಿ ಎಂಟು ವರ್ಷ ಎಸ್ಟೇಟ್ ರಸ್ತೆಗಳಲ್ಲಿ, ಮಣ್ಣಿನ ಹಾದಿಗಳಲ್ಲಿ ಹೀಗೆ ಓದಿದ್ದರು. "ಕಣ್ಣಿಗೆ ಕಾಣೋದು ಈಗಿನ್ ರಸ್ತೆ. ಮುಂದ್ಲುದು ನನ್ ಬಾಯಲ್ಲಿರ್ತದೆ" ಎಂಬುದು ಅವರ ಮಾತು. ಓದುವವನಿಗೆ ಓಡಿಸುವವನು ಬೇಕು. ಹುಣಸೂರಿನಲ್ಲಿ ಅವರಿಗೆ ಸಿಕ್ಕವನು ನಾನು.

ಭಾನುವಾರ ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದು ಕೂರುತ್ತಿದ್ದೆವು. ನಾನು ಕೆಟ್ಟ ಡ್ರೈವರ್. ಅವರು ಓದಿದ್ದನ್ನು ಕಣ್ಣಿನಿಂದ ಖಾತ್ರಿ ಮಾಡಿಕೊಳ್ಳದೆ ಸ್ಟೀರಿಂಗ್ ತಿರುಗಿಸುತ್ತಿರಲಿಲ್ಲ. "ನಾನೇಳಿದ್ದನ್ನ ಇನ್ನೊಬ್ರತ್ರ ವಿಚಾರಿಸಕೆ ಓಗ್ಬೇಡಿ ಸಾರ್. ಅಷ್ಟರಲ್ಲಿ ಮರ ಬತ್ತದೆ" ಎನ್ನುತ್ತಿದ್ದರು. ಮರ ಬರುತ್ತಿತ್ತು. ಅವರು ಬೈಯದೆ ಮೊದಲ ಪುಟಕ್ಕೆ ತಿರುಗುತ್ತಿದ್ದರು.

ಓದುತ್ತಿದ್ದದ್ದು ಸದಾ ಒಂದೇ ಪುಸ್ತಕ, ನೀಲಿ ರಟ್ಟಿನ ಸುರುಳಿ ತಂತಿಯದು. ರಸ್ತೆಯೂ ಒಂದೇ. ಕೊಡಗಿನ ಗಡಿಯಲ್ಲಿರುವ ಒಂದು ಎಸ್ಟೇಟ್ ರಸ್ತೆಯನ್ನು ಅವರು ಎರಡು ವರ್ಷ ಕೂತು ಕಂಪ್ಯೂಟರಿನೊಳಗೆ ಕಟ್ಟಿದ್ದರು. ಬೈಕಿನಲ್ಲಿ ಹೋಗಿ ಮೊಬೈಲಿನಲ್ಲಿ ಚಿತ್ರ ತೆಗೆದು, ಏರು ಇಳಿಜಾರು ಅಳೆದು, ಮೋರಿಗಳನ್ನೂ ಬಿಡದೆ ಸೇರಿಸಿದ್ದರು. ಕಂಪ್ಯೂಟರಿನಲ್ಲಿ ಬಿಡಿಸಿದ್ದು ಒಂದೇ ಸಿಲ್ವರ್ ಮರ. ಅದನ್ನೇ ಸಾವಿರ ಸಲ ನೆಟ್ಟಿದ್ದರು. ರಸ್ತೆಯ ಪಕ್ಕದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

"ನಾಲ್ಕು ಜನರನ್ನ ನಿಲ್ಲಿಸಬಹುದಲ್ಲ ಅಣ್ಣ?" ಎಂದು ಕೇಳಿದ್ದೆ.

"ಜನ ಆಕುದ್ರೆ ಮಿಷಿನ್ ಎಳೆಯಕಿಲ್ಲ ಸಾರ್."

ಎರಡನೇ ವರ್ಷ ಹೆಬ್ಬೆರಳಿನ ಟೊಪ್ಪಿಗೆಯ ಬಗ್ಗೆ ಕೇಳಿದಾಗ ಅವರು ನೀಲಿ ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. ಹನ್ನೊಂದನೇ ಪುಟ ತೆಗೆಯಿರಿ ಎಂದರು. ಹತ್ತರ ನಂತರ ಹನ್ನೆರಡು ಬಂತು. ಹಳೆಯ ಎಣ್ಣೆ ಕಲೆಗೆ ಎರಡು ಹಾಳೆಗಳು ಅಂಟಿಕೊಂಡಿದ್ದವು.

ಹದಿನಾರು ವರ್ಷದ ಹಿಂದೆ ಅದೇ ರಸ್ತೆಯಲ್ಲಿ ಅವರು ಎರಡು ಹಾಳೆಗಳನ್ನು ಒಟ್ಟಿಗೆ ತಿರುವಿದ್ದರು. ಓದಬೇಕಾಗಿದ್ದದ್ದು ಬಲ ಎರಡು. ಓದಿದ್ದು ಮುಂದಿನ ಪುಟದ ಎಡ ಐದು. ಡ್ರೈವರ್ ಅದನ್ನು ಕೇಳಿ ವೇಗ ಇಳಿಸಲಿಲ್ಲ. ಕಾರು ಮರಕ್ಕೆ ಬಡಿದು ಕೆಳಗಿನ ಕಾಫಿ ತೋಟಕ್ಕೆ ಉರುಳಿತು. ಇವರಿಗೆ ತರಚು ಗಾಯ. ಡ್ರೈವರನ ಬಲಗಾಲಿನ ಹಿಮ್ಮಡಿಯ ಮೇಲಿನ ಕೀಲು ಪುಡಿಯಾಗಿ, ಪಾದ ಮತ್ತೆ ಮಡಚಲಿಲ್ಲ. ಅವರು ಕೆ.ಆರ್.ನಗರದವರು, ಇವರ ಶಾಲೆಯ ಗೆಳೆಯ. ಆಗ ಅಪ್ಪನ ರೈಸ್ ಮಿಲ್ ನೋಡಿಕೊಂಡಿದ್ದರು. ಅಪಘಾತದ ನಂತರ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

"ಅವ್ನು ಒಂದ್ಸಲ ಬೈದಿದ್ರೆ ಸಾಕಿತ್ತು. ಪೊಲೀಸ್ರು ಬಂದಾಗ್ಲೂ ರಸ್ತೆ ಜಾರ್ತು ಅಂದ. ನಾನೆಂಗೆ ಓಗಿ ನಿಂತ್ಕಳ್ಳಿ ಅವನ ಮುಂದೆ?" ಎಂದರು. ಪುಸ್ತಕ ವಾಪಸು ತೆಗೆದುಕೊಂಡು, "ಆ ಪುಟವ ಅವನಿಗೆ ಒಂದ್ಸಲ ಸರಿಯಾಗಿ ಓದ್ಬೇಕು ಸಾರ್" ಎಂದು ಸೇರಿಸಿದರು. ಆ ರಸ್ತೆ ಯಾರಿಗಾಗಿ ಕಟ್ಟಿದ್ದೆಂದು ಆಗ ತಿಳಿಯಿತು. ನಾನು ಬೇರೊಬ್ಬರ ಸೀಟಿನಲ್ಲಿ ಕೂತಿದ್ದೆ.

ಮರು ವರ್ಷ ಅವರ ದನಿ ಒಡೆಯತೊಡಗಿತು. ಶೀತ ಎಂದುಕೊಂಡೆವು. ಬೀಡಿ ಮುಟ್ಟಿದವರಲ್ಲ. ಮೈಸೂರಿನ ಆಸ್ಪತ್ರೆಯಲ್ಲಿ ಗಂಟಲ ಕ್ಯಾನ್ಸರ್ ಎಂದರು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಿತ್ತು. ಒಂಬತ್ತು ದಿನದ ನಂತರಕ್ಕೆ ಶಸ್ತ್ರಚಿಕಿತ್ಸೆ ನಿಗದಿಯಾಯಿತು. ನನಗೆ ಈ ವಿಷಯ ಹೇಳಿ, ನೀಲಿ ಪುಸ್ತಕವನ್ನು ಬೀರುವಿನೊಳಗೆ ಇಟ್ಟು ಬಂದರು.

ಅವರಿಗೆ ತಿಳಿಸದೆ ಮಾರನೇ ದಿನ ನಾನು ಕೆ.ಆರ್.ನಗರಕ್ಕೆ ಹೋದೆ. ಮಿಲ್ಲಿನವರು ತೂಕದ ಯಂತ್ರದ ಪಕ್ಕ ಕುರ್ಚಿಯಲ್ಲಿ ಕೂತಿದ್ದರು. ಬಲಗಾಲು ನೇರಕ್ಕೆ ಚಾಚಿತ್ತು. ನಾನು ಎಲ್ಲಿಂದ ಬಂದೆ ಎಂದು ಹೇಳಿದೆ.

"ಅವ್ನು ಕಳಿಸಿದ್ನಾ?"

"ಇಲ್ಲ. ಅವರಿಗೆ ಗೊತ್ತಿಲ್ಲ."

"ಗೊತ್ತಿದ್ರೆ ಬುಡ್ತಿರಲಿಲ್ಲ ಬುಡಿ. ಆಸ್ಪತ್ರೇಲಿ ಮೂರು ತಿಂಗ್ಳು ಬಿದ್ದಿದ್ದೆ. ದಿನಾ ಬಾಗ್ಲು ನೋಡ್ತಿದ್ದೆ. ಬರ್ನಿಲ್ಲ. ಕಾಲೋದ ಡ್ರೈವರ್ ಯಾವನಿಗೆ ಬೇಕು ಅಂತ ನಾನೂ ಸುಮ್ಕಾದೆ."

ಅಂಟಿಕೊಂಡ ಹಾಳೆಗಳ ವಿಷಯ ಹೇಳಿದೆ. ಅವರಿಗೆ ಅದು ಹೊಸದಾಗಿರಲಿಲ್ಲ. "ಓದಿದ್ದು ಎಡ, ಇದ್ದಿದ್ದು ಬಲ. ನನ್ ಕಿವಿ ನೆಟ್ಟಗೈತಲ್ಲ. ಪುಟ ಎಗರೋದು ಎಲ್ಲಾ ನ್ಯಾವಿಗೇಟರ್‌ಗೂ ಒಂದ್ಸಲ ಆಯ್ತದೆ. ಅದನ್ನ ಇನ್ನೂ ಇಟ್ಕಂಡವ್ನಾ?"

ಅಂಗಡಿಯ ಹಿಂದೆ ಕಟ್ಟಿದ ಆ ರಸ್ತೆಯ, ನಮ್ಮ ಭಾನುವಾರಗಳ ವಿಷಯ ಹೇಳಿ, ಕೊನೆಗೆ ದನಿಯ ವಿಷಯ ಹೇಳಿದೆ. ಅವರು ಮಿಲ್ಲಿನ ಕಡೆ ತಿರುಗಿ ಯಾರನ್ನೋ ಜೋರಾಗಿ ಬೈದರು. ಬೈಯುವಂಥದ್ದೇನೂ ಅಲ್ಲಿ ನಡೆದಿರಲಿಲ್ಲ. "ಲೋಡು ಬತ್ತಾ ಅವೆ. ನೋಡಾಣ" ಎಂದಷ್ಟೇ ಹೇಳಿ ನನ್ನನ್ನು ಕಳಿಸಿದರು.

ಹೋಗಿ ಬಂದದ್ದನ್ನು ರಿಪೇರಿಯವರಿಗೆ ಹೇಳಿದಾಗ ಅವರು ನನ್ನ ಮೇಲೆ ಸಿಟ್ಟಾದರು. "ನಿಮ್ಮನ್ ಯಾರು ಕೇಳಿದ್ರು? ಎಲ್ಲಾದ್ರಲ್ಲೂ ಸುದ್ದಿ ಉಡುಕ್ತೀರಾ?" ಎಂದರು. ನಾನು ಎದ್ದು ಹೊರಟಾಗ ಹಿಂದಿನಿಂದ ಕೇಳಿದರು: "ಕಾಲು ಎಂಗೈತೆ?" ಪಾದ ಎಷ್ಟು ಮಡಚುತ್ತದೆ, ಕೈಗಳು ಗಟ್ಟಿಯಿವೆಯೇ ಎಂದೆಲ್ಲ ವಿಚಾರಿಸಿದರು. ಅವರು ಎರಡು ದಿನ ಅಂಗಡಿ ತೆರೆಯಲಿಲ್ಲ. ಸೈಕಲ್ಲಿನ ಬ್ರೇಕ್ ಹಿಡಿಕೆಯೊಂದನ್ನು ಸ್ಟೀರಿಂಗಿನ ಹಿಂದೆ ಕೂರಿಸಿ, ತಂತಿ ಬೆಸೆದು, ಬೆರಳಿನಿಂದ ಅದುಮಿದರೆ ಆಕ್ಸಿಲರೇಟರ್ ಆಗುವಂತೆ ಮಾಡಿದರು. ಬೆರಳು ಬಿಟ್ಟರೆ ಕಾರಿನ ವೇಗ ಇಳಿಯುತ್ತಿತ್ತು. ಬ್ರೇಕಿಗೆ ಎಡಗಾಲು ಸಾಕು. ಬರುವವರು ಬರುತ್ತಾರೋ ಇಲ್ಲವೋ ನಮಗಿಬ್ಬರಿಗೂ ಗೊತ್ತಿರಲಿಲ್ಲ.

ಭಾನುವಾರ ಮೂರು ಗಂಟೆಗೆ ಬಾಗಿಲಲ್ಲಿ ಕಾರು ನಿಂತಿತು. ಮಿಲ್ಲಿನವರು ಕೋಲೂರಿಕೊಂಡು ನೇರ ಹಿಂದಿನ ಕೋಣೆಗೆ ಬಂದರು. ಗೆಳೆಯನ ಮುಖ ನೋಡಲಿಲ್ಲ. ಯಂತ್ರ ನೋಡಿದರು.

"ಈ ಸೀಟು ಯಾವ ಗುಜರಿದ್ಲಾ?"

"ನಮ್ ಕಾರಿಂದೇ ಕಣ್ಲಾ. ಗುಜರಿಗೆ ಆಕಿದ್ರು, ಬಿಚ್ಕಂಡ್ ಬಂದೆ."

ಮಿಲ್ಲಿನವರು ಬಲ ಸೀಟಿನ ಹರಿದ ಅಂಚನ್ನು ಬೆರಳಿನಿಂದ ಸವರಿ ಕೂತರು. "ಸೊಂಟ ಇಡಿಸ್ತಿಲ್ಲ" ಎಂದರು. "ಅಕ್ಕಿ ಮಿಲ್ ಮಾಡ್ಕಂಡ್ರೆ ಇನ್ನೇನು" ಎಂದರು ಇವರು. ಹದಿನೇಳು ವರ್ಷದ ಮೇಲೆ ಅವರಿಬ್ಬರು ಆಡಿದ್ದು ಇಷ್ಟೇ. ಆಮೇಲೆ ಪುಸ್ತಕ ತೆರೆಯಿತು.

ನಾನು ಹಿಂದೆ ನಿಂತಿದ್ದೆ. ಹಿಡಿಕೆಗೆ ಕೈ ಒಗ್ಗಲಿ ಎಂದು ಎರಡು ಸಲ ಅರ್ಧ ದಾರಿಯವರೆಗೆ ಓಡಿಸಿ ನೋಡಿದರು. ಮೂರನೆಯದು ಪೂರ್ತಿ. ನನಗೆ ಎರಡು ವರ್ಷದಲ್ಲಿ ಒಮ್ಮೆಯೂ ದಾಟಲಾಗದ ತಿರುವುಗಳನ್ನು ಮಿಲ್ಲಿನವರು ನೀರಿನಂತೆ ದಾಟಿದರು. ಒಡೆದ ದನಿ ಪ್ರತಿ ತಿರುವಿಗೂ ಒಂದು ತಿರುವಿನಷ್ಟು ಮುಂದಿರುತ್ತಿತ್ತು. ಹತ್ತನೇ ಪುಟ ಮುಗಿಯಿತು. ಅಂಟಿದ್ದ ಹಾಳೆಗಳನ್ನು ಬ್ಲೇಡಿನಿಂದ ಬಿಡಿಸಿಟ್ಟಿದ್ದರು. ಹೆಬ್ಬೆರಳು ಒಂದೇ ಹಾಳೆ ತಿರುವಿತು. "ಬಲ ಎರಡು" ಎಂದರು. ಸಾಕಷ್ಟು ಮೊದಲೇ, ಸ್ಪಷ್ಟವಾಗಿ. ಮತ್ತೊಮ್ಮೆ, "ಬಲ ಎರಡು ಕಣ್ಲಾ."

ಕಾರು ತಿರುಗಲಿಲ್ಲ. ಅದೇ ವೇಗದಲ್ಲಿ ಹೋಗಿ ಮರಕ್ಕೆ ಬಡಿಯಿತು. ಪರದೆ ನಿಂತಿತು.

"ನೋಡ್ದಾ? ಅವತ್ತೂ ಇಂಗೇ ಜೋರಾಗಿದ್ದೆ. ನೀ ಸರಿಯಾಗಿ ಓದಿದ್ರೂ ತಿರುಗ್ತಿರ್ನಿಲ್ಲ" ಎಂದರು ಮಿಲ್ಲಿನವರು. "ನನ್ ತಪ್ಪಿಗೆ ನೀ ಯಾಕ್ಲಾ ಹೆಬ್ಬೆಟ್ಟು ಕಟ್ಕಂಡು ಕೂತಿದ್ದೀ?"

ಇವರು ಪುಸ್ತಕ ಮುಚ್ಚಿ ತೊಡೆಯ ಮೇಲಿಟ್ಟುಕೊಂಡರು. ಅಳು ಬಂದರೂ ಒಡೆದ ಗಂಟಲಿನಿಂದ ಸದ್ದು ಬರಲಿಲ್ಲ. ಮಿಲ್ಲಿನವರು ಅವರ ಬೆನ್ನಿನ ಮೇಲೆ ಕೈಯಿಟ್ಟು ಪರದೆಯನ್ನೇ ನೋಡುತ್ತಿದ್ದರು.

ಆ ತಿರುವಿನಲ್ಲಿ ನಾನು ಕಂಡದ್ದು ಇಷ್ಟು: ಅಲ್ಲಿಯವರೆಗೆ ಪ್ರತಿ ತಿರುವಿಗೂ ಮಿಲ್ಲಿನವರ ಬೆರಳುಗಳು ಹಿಡಿಕೆಯನ್ನು ಸಡಿಲ ಬಿಡುತ್ತಿದ್ದವು. ಬಲ ಎರಡು ಎಂದು ಕೇಳಿದ ಮೇಲೆ ಬಿಡಲಿಲ್ಲ. ಇನ್ನಷ್ಟು ಬಿಗಿಯಾದವು.

ಶಸ್ತ್ರಚಿಕಿತ್ಸೆ ಆಯಿತು. ಕತ್ತಿನಲ್ಲಿ ರಂಧ್ರ, ಅದರ ಮುಂದೆ ಬಿಳಿ ಬಟ್ಟೆ. ಹೇಳಬೇಕಾದದ್ದನ್ನು ಚೀಟಿಯಲ್ಲಿ ಬರೆಯುತ್ತಿದ್ದರು. ಮಿಲ್ಲಿನವರು ವಾರಕ್ಕೊಮ್ಮೆ ಬಂದು ಇಬ್ಬರ ಮಾತನ್ನೂ ತಾವೇ ಆಡಿ ಹೋಗುತ್ತಿದ್ದರು. ನಾನೂ ಹೋಗುತ್ತಿದ್ದೆ. ಯಂತ್ರವನ್ನು ಯಾರೂ ಶುರು ಮಾಡಲಿಲ್ಲ. ಅಂಗಡಿಗೆ ಬರುವವರು ಕಡಿಮೆಯಾದರು. ಮಾತಾಡದವರ ಹತ್ತಿರ ರಿಪೇರಿ ಕೊಡಲು ಜನರಿಗೆ ಸಂಕೋಚ. ಬಂದವರೂ ಕಿವಿ ಕೇಳದವರಿಗೆ ಹೇಳುವಂತೆ ಕೂಗಿ ಹೇಳುತ್ತಿದ್ದರು.

ಐದಾರು ತಿಂಗಳ ನಂತರ ಒಂದು ಮಧ್ಯಾಹ್ನ ನನ್ನ ಮುಂದೆ ಚೀಟಿ ಸರಿಸಿದರು. "ಅವತ್ತು ಬೇಕಂತಲೇ ಹೊಡೆದ. ಅಲ್ಲವಾ? ನೀವು ಹಿಂದೆ ನಿಂತಿದ್ದಿರಿ."

ಇಪ್ಪತ್ತು ವರ್ಷ ಕಂಡದ್ದನ್ನು ಕಂಡಂತೆ ಬರೆದು ಬದುಕಿದವನು ನಾನು. "ಇಲ್ಲ ಅಣ್ಣ. ಹಿಡಿಕೆ ಬಿಟ್ಟಿದ್ದರು. ತಡವಾಗಿತ್ತು, ಅಷ್ಟೆ" ಎಂದು ಚೀಟಿ ನೋಡುತ್ತಾ ಹೇಳಿದೆ.

ಅವರು ನನ್ನ ಮುಖ ನೋಡಿದರು. ಮತ್ತೆ ಬರೆದರು: "ನಿಮಗೆ ಸುಳ್ಳು ಹೇಳೋಕೆ ಬರಲ್ಲ." ನಗುತ್ತಿದ್ದರು. ಅದರ ಕೆಳಗೆ: "ನನಗೆ ಗೊತ್ತಾಗಿದೆ ಅಂತ ಅವನಿಗೆ ಹೇಳಬೇಡಿ. ಖುಷಿಯಾಗಿದ್ದಾನೆ." ಚೀಟಿಯನ್ನು ವಾಪಸು ತೆಗೆದುಕೊಂಡು ನಾಲ್ಕಾಗಿ ಹರಿದರು.

ಆ ಹದಿನೇಳು ವರ್ಷದ ಭಾರ ಅವರಿಂದ ಇಳಿದಿರಲಿಲ್ಲ. ಇಳಿದಂತೆ ಇರುವುದನ್ನು ಅವರು ಗೆಳೆಯನಿಗಾಗಿ ಕಲಿತಿದ್ದರು. ಇದನ್ನು ತಿಳಿದವನು ನಾನೊಬ್ಬನೇ.

ಮಾಗಿ ಮುಗಿಯುವ ಹೊತ್ತಿಗೆ ಅವರು ತೀರಿಕೊಂಡರು. ಮಣ್ಣು ಮಾಡಿ ಬರುವಾಗ ಮಿಲ್ಲಿನವರು ನನ್ನ ಭುಜ ಹಿಡಿದುಕೊಂಡು ನಡೆಯುತ್ತಿದ್ದರು. ದಾರಿಯಲ್ಲಿ ನಿಂತು, "ಸಾರ್, ಅವತ್ತಿಂದು ಅವನಿಗೆ ಗೊತ್ತಾಗ್ನಿಲ್ಲ ತಾನೆ?" ಎಂದು ಕೇಳಿದರು.

"ಇಲ್ಲ" ಎಂದೆ. ಈ ಸಲ ಮುಖ ನೋಡಿಯೇ ಹೇಳಿದೆ. ಅವರು ತಲೆಯಾಡಿಸಿ, ಮೂಗು ಒರೆಸಿಕೊಂಡು, ಕೋಲೂರಿ ಮುಂದಕ್ಕೆ ಹೊರಟರು.

ಹೋದ ವರ್ಷ ಮಿಲ್ಲಿನವರೂ ತೀರಿಕೊಂಡರು. ಈ ಮಾತನ್ನು ಯಾರಿಂದ ಮುಚ್ಚಿಡಬೇಕಿತ್ತೋ ಅವರು ಯಾರೂ ಈಗ ಉಳಿದಿಲ್ಲ.