ಕಲಿಸಿದವಳ ಹೆಸರು

ಈ ಬರಹದಲ್ಲಿ ಕ್ರಮ ತಪ್ಪಿದ್ದರೆ, ಮಾತು ಎಲ್ಲಾದರೂ ಅಗತ್ಯಕ್ಕಿಂತ ಬಿಗಿಯಾಗಿದ್ದರೆ, ಓದುಗರು ಮನ್ನಿಸಬೇಕು. ನಮ್ಮ ಮನೆಯಲ್ಲಿ ಪದವಿ ಪಡೆದವಳು ನಾನೊಬ್ಬಳೇ. ತಪ್ಪಿಲ್ಲದೆ ಮಾತನಾಡಬೇಕೆಂಬ ಭಯ ನನ್ನನ್ನು ಇನ್ನೂ ಬಿಟ್ಟಿಲ್ಲ. ಇಲ್ಲಿ ಹೇಳಹೊರಟಿರುವ ತಪ್ಪು ಕೂಡ ಆ ಭಯದಿಂದಲೇ ಆದದ್ದು.

ನಾನು ಸೊರಬದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ನಮ್ಮೂರು ಶಿಕಾರಿಪುರ ತಾಲ್ಲೂಕಿನಲ್ಲಿ, ತಾಳಗುಂದದಿಂದ ಸ್ವಲ್ಪ ದೂರ. ಈಗ ನಮಗೆ ಗೋವಿನಜೋಳ ಬೆಳೆಯುವಷ್ಟು ಹೊಲವಿದೆ, ಕುರಿಗಳೂ ಇವೆ. ನಾನು ಚಿಕ್ಕವಳಿದ್ದಾಗ ಹೊಲವಿರಲಿಲ್ಲ. ಅವ್ವ ಬೇರೆಯವರ ಹೊಲಕ್ಕೆ ಕಳೆ ಕೀಳಲು ಹೋಗುತ್ತಿದ್ದಳು. ಅವಳ ಪಕ್ಕದ ಸಾಲಿನಲ್ಲಿ ಕೂರುತ್ತಿದ್ದವರು ತಾಂಡಾದ ಒಬ್ಬ ಲಂಬಾಣಿ ಹೆಂಗಸು, ಅವ್ವನಿಗಿಂತ ಹಿರಿಯರು. ಈ ಸಾಲು ಮುಗಿಯುವವರೆಗೆ ಸುರಿಯಬೇಡವೆಂದು ಮೋಡವನ್ನು ಬೇಡುವ ಹಾಡೊಂದನ್ನು ಆಕೆ ತಮ್ಮ ಭಾಷೆಯಲ್ಲಿ ಹಾಡುತ್ತಿದ್ದರು. ಅವ್ವ ಧಾಟಿಯನ್ನು ಹಾಗೆಯೇ ಇಟ್ಟುಕೊಂಡು, ಮಾತುಗಳನ್ನು ಕನ್ನಡದಲ್ಲಿ ಕಟ್ಟಿಕೊಂಡಳು. ಕಳೆ ಕೀಳುವ ಆ ಹೆಂಗಸರಲ್ಲಿ ಒಂದು ಕಟ್ಟಳೆಯಿತ್ತು: ಹಾಡು ಎತ್ತುವ ಮೊದಲು ನೆಲ ಮುಟ್ಟಿ, ಅದನ್ನು ಕಲಿಸಿದವಳ ಹೆಸರು ಹೇಳಬೇಕು. ಹೇಳದೆ ಹಾಡಿದರೆ ಅದು ಕದ್ದ ಹಾಡು.

ಮೂರು ವರ್ಷದ ಹಿಂದೆ ಪೋಲೆಂಡಿನ ಯುವತಿಯೊಬ್ಬರು ನಮ್ಮ ಕಾಲೇಜಿಗೆ ಬಂದರು. ನಾನಾ ದೇಶಗಳ ಹೆಂಗಸರು ಹೊಲದಲ್ಲಿ ಹಾಡುವ ಹಾಡುಗಳನ್ನು ಧ್ವನಿಮುದ್ರಿಸಿ ಅಂತರ್ಜಾಲದಲ್ಲಿ ಒಂದೆಡೆ ಸೇರಿಸುವುದು ಅವರ ಕೆಲಸ. ನನ್ನನ್ನು ಯಾರೂ ಕೇಳಿರಲಿಲ್ಲ. ಆದರೂ ಸಹೋದ್ಯೋಗಿಗಳ ಎದುರು, "ನಮ್ಮ ಮನೆತನದಲ್ಲಿ ತಲೆಮಾರುಗಳಿಂದ ಬಂದ ಹಾಡುಗಳಿವೆ" ಎಂದುಬಿಟ್ಟೆ.

ಮರುದಿನ ಅವರನ್ನು ಊರಿಗೆ ಕರೆದೊಯ್ದೆ. ಅವ್ವ ಅಂಗಳದಲ್ಲಿ ಕುಳಿತು, ನೆಲ ಮುಟ್ಟಿ, ತಾಂಡಾದ ಆ ಗೆಳತಿಯ ಹೆಸರು ಹೇಳಿ, ಹಾಡಿದಳು. ಮುಗಿದ ಮೇಲೆ ಅತಿಥಿ ನನ್ನತ್ತ ತಿರುಗಿ, ಮೊದಲು ಹೇಳಿದ್ದು ಏನೆಂದು ಇಂಗ್ಲಿಷಿನಲ್ಲಿ ಕೇಳಿದರು. ನಿಜ ಹೇಳಿದರೆ ಕೂಲಿಯ ಮಾತು ಬರುತ್ತದೆ, ತಾಂಡಾದ ಮಾತು ಬರುತ್ತದೆ. ಅದು ಸೊರಬದ ಸ್ಟಾಫ್ ರೂಮಿಗೂ ತಲುಪುತ್ತದೆ. "ನಮ್ಮ ಮನೆದೇವಿಯ ಸ್ಮರಣೆ" ಎಂದು ಅನುವಾದಿಸಿದೆ.

ಅವ್ವ ಕೇಳಿದಳು: "ಯಕ್ಕನ ಹೆಸರು ಹೇಳ್ದ್ಯಾ ಅವರಿಗೆ?"

"ಹೇಳಿದ್ನವ್ವ."

"ತಾಂಡಾದಾಕಿ ಅಂತಾನೂ?"

"ಎಲ್ಲಾ ಹೇಳೀನಿ, ಸುಮ್ನಿರು."

ಆಮೇಲೆ ಅತಿಥಿ ತಾವೂ ಒಂದು ಹಾಡಿದರು, ಹುಲ್ಲು ಕೊಯ್ಯುವ ಹಾಡು. ಅವರ ಅಜ್ಜಿ ಅದನ್ನು ಬೇರೆ ಭಾಷೆಯ ನೆರೆಮನೆಯವಳಿಂದ ಕಲಿತರಂತೆ. ಅದನ್ನು ಮಾತ್ರ ನಾನು ಸರಿಯಾಗಿ ಅನುವಾದಿಸಿದೆ. ಅವ್ವ ಅತಿಥಿಯ ಕೈ ಹಿಡಿದುಕೊಂಡು, "ನೋಡೇ, ಅಷ್ಟು ದೂರದಾಗೂ ನಮ್ಮಂಗೇ ಐತಂತ!" ಎಂದಳು. ನಾನು ಕಾಫಿ ತರುವ ನೆಪದಲ್ಲಿ ಒಳಗೆ ಹೋದೆ.

ಕೆಲವು ತಿಂಗಳ ನಂತರ ಹಾಡಿನ ಕೊಂಡಿ ನನ್ನ ಮೊಬೈಲಿಗೆ ಬಂತು. ಅವ್ವ ಗೆಳತಿಗೆ ಹೇಳಿ ಕಳುಹಿಸಿದಳು. ಆಕೆ ಡಿಗ್ರಿ ಓದುವ ಮೊಮ್ಮಗಳೊಂದಿಗೆ ಬಂದರು. ಹಾಡು ಮೊಳಗಿತು, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಮೊಮ್ಮಗಳು ಪರದೆಯ ಮೇಲಿನ ಇಂಗ್ಲಿಷನ್ನು ಓದುತ್ತ ನಿಂತುಬಿಟ್ಟಳು.

"ಅಜ್ಜೀ, ನಿನ್ನ ಹೆಸರು ಐತಿ. ಆದ್ರ ಇವರ ಮನೆದೇವಿ ಅಂತ ಬರದಾರ."

ಗೆಳತಿ ಗಟ್ಟಿಯಾಗಿ ನಕ್ಕರು. "ಅಯ್ಯ ತಂಗಿ, ಜೀವ ಇರೂವಾಗ್ಲೇ ದೇವಿ ಮಾಡ್ಬಿಟ್ರಲ್ಲೇ ನನ್ನ! ನೈವೇದ್ಯ ಎಲ್ಲೈತಿ? ಒಂದು ಹೋಳಿಗೀನೂ ಕಾಣವಲ್ದು!"

ಅವ್ವ ನಗಲಿಲ್ಲ. ನನ್ನನ್ನೇ ನೋಡುತ್ತ ಕೇಳಿದಳು: "ಇಂಗ್ಲಿಷಿನಾಗ ಒಂದು ಹೆಂಗಸಿಗೆ ಜಾಗ ಇರ್ಲಿಲ್ಲೇನು?"

"ಅವರಿಗೆ ಅರ್ಥ ಆಗ್ಲಿ ಅಂತ..." ಎಂದೆ.

"ಹೋಗ್ಲಿ ಬಿಡು," ಎಂದು ಗೆಳತಿ ಎದ್ದರು. ಅವರ ಮುಖದಲ್ಲಿ ಈಗ ನಗುವಿರಲಿಲ್ಲ. "ಮೇಡಮ್ಮಾರು ಹೆಂಗ ತೋರಿಸ್ತಾರೋ ಹಂಗ ಕಾಣ್ತೀವಿ ನಾವು." ಅವರ ಲೋಟದಲ್ಲಿ ಚಹಾ ಅರ್ಧ ಉಳಿದಿತ್ತು.

ಅಂದೇ ಪೋಲೆಂಡಿನ ಆ ಯುವತಿಗೆ ನಡೆದದ್ದನ್ನೆಲ್ಲ ಬರೆದೆ. ಅವರು ಒಂದೂ ಕಟುಮಾತಾಡದೆ ಸಾಲನ್ನು ತಿದ್ದಿದರು. ಆ ಹಾಡು ಯಾರಿಂದ ಯಾರಿಗೆ ಬಂತೆಂಬುದು ಈಗ ಅಲ್ಲಿ ಸರಿಯಾಗಿದೆ. ತಾಂಡಾಕ್ಕೂ ಹೋಗಿ ತಪ್ಪೊಪ್ಪಿಕೊಂಡೆ. ಆಕೆ ಕೂರಿಸಿ ಚಹಾ ಕೊಟ್ಟರು, ಆ ವಿಷಯ ಎತ್ತಲಿಲ್ಲ. ಹಬ್ಬಕ್ಕೆ ಈಗಲೂ ಮೊದಲಿನಂತೆ ನಮ್ಮ ಮನೆಗೆ ಬರುತ್ತಾರೆ.

ಅವ್ವ ನನ್ನ ಮುಂದೆ ಆ ಹಾಡನ್ನು ಮತ್ತೆ ಹಾಡಿಲ್ಲ. ಮೊದಲು ಆಸ್ಪತ್ರೆಗಾಗಲಿ, ಪಹಣಿಗಾಗಿ ತಾಲ್ಲೂಕು ಕಚೇರಿಗಾಗಲಿ ಹೋಗುವಾಗ, ತನ್ನ ಪರವಾಗಿ ಮಾತನಾಡಲು ನನ್ನನ್ನು ಸೊರಬದಿಂದ ಕರೆಸಿಕೊಳ್ಳುತ್ತಿದ್ದಳು. ಈಗ ಅತ್ತಿಗೆಯನ್ನು ಕರೆದುಕೊಂಡು ಹೋಗುತ್ತಾಳೆ. ಅತ್ತಿಗೆ ಓದಿರುವುದು ಏಳನೆಯ ತರಗತಿಯವರೆಗೆ.