ನಾಲ್ಕನೆಯವನ ಪರವಾಗಿ

ನಮ್ಮ ರಾಕ್ ಬ್ಯಾಂಡಿನಲ್ಲಿ ನಾಲ್ಕು ಜನ. ಹಾಡುವವನು, ಗಿಟಾರಿನವನು, ಡ್ರಮ್ಸ್‌ನವನು, ಆಮೇಲೆ ನಾನು. ನಾನು ನುಡಿಸುವುದು ಬಾಸ್ ಗಿಟಾರ್. ನಾಲ್ಕೇ ತಂತಿ, ದಪ್ಪ ಸ್ವರ. ಅದು ಇದ್ದಾಗ ಯಾರಿಗೂ ಗೊತ್ತಾಗುವುದಿಲ್ಲ, ಇಲ್ಲದಿದ್ದರೆ ಹಾಡು ಬೋಳಾಗುತ್ತದೆ ಎಂದು ನಾವು ಬಾಸಿನವರು ಹೇಳಿಕೊಳ್ಳುತ್ತೇವೆ. ಬೇರೆ ಯಾರಾದರೂ ಹಾಗೆ ಹೇಳಿದ್ದನ್ನು ನಾನಂತೂ ಕೇಳಿಲ್ಲ.

ಬೈಂದೂರಿನ ಕಾರ್ಯಕ್ರಮಕ್ಕೆ ಮೊದಲು ಒಂದು ದಿನ ಪ್ರಾಕ್ಟೀಸ್ ಮುಗಿದ ಮೇಲೆ ಗಿಟಾರಿನವನು ತಲೆ ಕೆರೆದುಕೊಂಡು, ಈಗ ಬಾಸನ್ನೆಲ್ಲ ಲ್ಯಾಪ್‌ಟಾಪಿನಲ್ಲೇ ಹಾಕಿಕೊಳ್ಳಬಹುದಂತೆ ಎಂದ. ನನ್ನ ಮುಖ ನೋಡದೆ ಹೇಳಿದ. ಬೈಂದೂರು ಮುಗಿಯಲಿ, 'ಕಾಂಬ' ಎಂದ ಹಾಡುವವನು. ನಮ್ಮ ಕಡೆ ನೋಡೋಣ ಎನ್ನುವುದಕ್ಕೆ 'ಕಾಂಬ' ಅನ್ನುತ್ತಾರೆ. ಹಾಗೆಂದರೆ ಮುಕ್ಕಾಲು ಪಾಲು ಒಪ್ಪಿದಂತೆಯೇ. ನಾನು ಏನೂ ಆಗದವನ ಹಾಗೆ ನಕ್ಕೆ. ಮನೆಗೆ ಬಂದ ಮೇಲೆ ಊಟ ಸೇರಲಿಲ್ಲ.

ಕಾರ್ಯಕ್ರಮದ ದಿನ ಮೂವರೂ ವಾದ್ಯಗಳನ್ನು ಕಾರಿಗೆ ಹಾಕಿಕೊಂಡು ಮೊದಲೇ ಹೋಗಿದ್ದರು. ನನಗೆ ಬ್ರಹ್ಮಾವರದ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲಸ; ಅರ್ಧ ರಜೆ ಕೇಳಿ ಬಸ್ಸು ಹತ್ತಿದೆ. ಕುಂದಾಪುರದಲ್ಲಿ ಕಾಲೇಜಿನ ಮಕ್ಕಳು ಮೂವರು ಹತ್ತಿದರು, ಇಬ್ಬರು ಹುಡುಗರು, ಒಬ್ಬ ಹುಡುಗಿ. ಸೀಟಿಲ್ಲದೆ ನನ್ನ ಪಕ್ಕದಲ್ಲೇ ನಿಂತರು. ತಲ್ಲೂರು ಬರುವಷ್ಟರಲ್ಲಿ ಅವರು ಹೊರಟಿರುವುದು ನಮ್ಮದೇ ಕಾರ್ಯಕ್ರಮಕ್ಕೆ ಎಂದು ತಿಳಿಯಿತು, ಯಾಕೆಂದರೆ ನಮ್ಮಲ್ಲಿ ಯಾರು ಬೆಸ್ಟ್ ಎಂದು ಜಗಳವಾಡುತ್ತಿದ್ದರು. ಇದೇನು ನಮ್ಮೂರಿಗೆ ಹೊಸತಲ್ಲ. ಯಕ್ಷಗಾನದ ಆಟ ನೋಡಿ ಬರುವವರು ಭಾಗವತರು ಹೆಚ್ಚೋ ವೇಷದವರು ಹೆಚ್ಚೋ ಎಂದು ದಾರಿಯುದ್ದಕ್ಕೂ ಕಚ್ಚಾಡುತ್ತಿದ್ದರು. ಈ ಮಕ್ಕಳು ವಿಷಯ ಬದಲಿಸಿಕೊಂಡಿದ್ದರು, ಅಷ್ಟೆ.

ಒಬ್ಬ ಹುಡುಗ ಹಾಡುವವನ ಕಡೆ, ಇನ್ನೊಬ್ಬ ಗಿಟಾರಿನ ಕಡೆ, ಹುಡುಗಿ ಡ್ರಮ್ಸ್ ಕಡೆ. ನಾನು ಕಿಟಕಿಯ ಹೊರಗೆ ನೋಡುತ್ತಾ ಕಿವಿಯನ್ನು ಒಳಗೇ ಇಟ್ಟುಕೊಂಡಿದ್ದೆ. ನನ್ನ ಸರದಿ ಬರುತ್ತದೆಂದು ಕಾದೆ. ಬಂತು.

"ನಾಲ್ಕನೆಯವ ಒಬ್ಬ ಇದ್ದ ಅಲ್ದಾ, ಮೂಲೆಯಗ್ ನಿಂತ್ಕಂಬವ," ಎಂದಳು ಹುಡುಗಿ. "ಅವ ಇಪ್ಪುದ್ ಎಂತಕ್ ಅಂದೇಳಿ ಗೊತ್ತಾತಿಲ್ಲ."

ಮೂವರೂ ನಕ್ಕರು. ಕೆಟ್ಟ ನಗುವೇನಲ್ಲ. ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಸುಮ್ಮನಿರಲಿಲ್ಲ. ಬಾಸ್ ಅಂದರೆ ಮನೆಯ ಪಂಚಾಂಗ, ಅಂದರೆ ತಳಪಾಯ, ಇದ್ದ ಹಾಗೆ, ಕಣ್ಣಿಗೆ ಬೀಳುವುದಿಲ್ಲ, ತೆಗೆದರೆ ಗೋಡೆ ನಿಲ್ಲುವುದಿಲ್ಲ ಎಂದು ಶುರುಮಾಡಿದೆ. ಮರವಂತೆಯ ಸಮುದ್ರ ಬಂತು, ಹೋಯಿತು, ನನ್ನ ಭಾಷಣ ನಿಲ್ಲಲಿಲ್ಲ. ಆ ಬಾಸಿನವರ ಪರಿಚಯವುಂಟಾ ಎಂದು ಒಬ್ಬ ಹುಡುಗ ಕೇಳಿದ. ಇಲ್ಲಪ್ಪ, ಕೇಳಿ ಗೊತ್ತು, ಎಂದೆ. ಒಂದು ಸುಳ್ಳು ಹೇಳಿದ ಮೇಲೆ ಇನ್ನೊಂದಕ್ಕೆ ನಾಲಿಗೆ ತಡವರಿಸುವುದಿಲ್ಲ. ಆ ಬಾಸಿನವನನ್ನು ಮುಂಬಯಿಯ ದೊಡ್ಡ ಬ್ಯಾಂಡೊಂದು ಕರೆದಿತ್ತು, ಊರಿನ ಮೇಲಿನ ಪ್ರೀತಿಗೆ ಅವನು ಹೋಗಲಿಲ್ಲ ಎಂದೂ ಹೇಳಿಬಿಟ್ಟೆ. ಮುಂಬಯಿಯಿಂದ ನನ್ನನ್ನು ಕರೆದವರೆಂದರೆ ಹೋಟೆಲಿಟ್ಟಿರುವ ನನ್ನ ಮಾವ ಒಬ್ಬರೇ, ಅದೂ ಗಲ್ಲೆಯಲ್ಲಿ ಕೂತು ದುಡ್ಡೆಣಿಸುವುದಕ್ಕೆ.

ಹುಡುಗಿ ಗಂಭೀರವಾಗಿ ತಲೆಯಾಡಿಸಿದಳು. ನನಗೆ ಬಹಳ ಖುಷಿಯಾಯಿತು, ಅದನ್ನೂ ಹೇಳಬೇಕು.

ವೇದಿಕೆ ಹತ್ತಿದಾಗ ಮೂವರೂ ಮೊದಲ ಸಾಲಿನಲ್ಲೇ ಇದ್ದರು. ಅವರು ಅಲ್ಲಿರುತ್ತಾರೆಂದು ಗೊತ್ತಿದ್ದೂ ಇಷ್ಟು ಹತ್ತಿರ ಇರುತ್ತಾರೆಂದು ನಾನು ಎಣಿಸಿರಲಿಲ್ಲ. ಬಾಸ್ ಹೆಗಲಿಗೆ ಹಾಕಿಕೊಳ್ಳುತ್ತಿದ್ದಂತೆ ಹುಡುಗನೊಬ್ಬ ನನ್ನನ್ನು ನೋಡಿ ಹುಡುಗಿಯ ಕೈ ತಿವಿದ. ಅವಳ ಮುಖ ಸಣ್ಣದಾಯಿತು. ಈಗ ನಗುತ್ತಾರೆ, ಫೋನ್ ತೆಗೆದು ಎಲ್ಲರಿಗೂ ಹೇಳುತ್ತಾರೆ ಎಂದುಕೊಂಡೆ. ಅವರು ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು.

ಅವರ ಕಣ್ಣು ತಪ್ಪಿಸಲು ಹಿಂದೆ ಹಿಂದೆ ಸರಿಯುತ್ತಾ ಹೋದೆ. ನಾಲ್ಕನೇ ಹಾಡು ಶುರುವಾಗುತ್ತಿದ್ದಂತೆ ಕಾಲಿಗೆ ವೈರು ಸಿಕ್ಕಿ, ಬಾಸಿನ ಆ್ಯಂಪ್ಲಿಫೈಯರಿನ ಕೆಂಪು ದೀಪ ಆರಿತು. ಪ್ಲಗ್ ಇದ್ದದ್ದು ವೇದಿಕೆಯ ಹಿಂದೆ. ನಡುವೆ ಬಿಟ್ಟು ಹೋಗಲು ನಾಚಿಕೆಯಾಗಿ ಸದ್ದಿಲ್ಲದ ತಂತಿಯ ಮೇಲೆ ಬೆರಳಾಡಿಸುತ್ತಾ ನಿಂತೆ. ಬ್ಯಾಂಡಿನ ಒಬ್ಬನಾದರೂ ತಿರುಗಿ ನೋಡುತ್ತಾನೆ, ಏನಾಯಿತೋ ಎಂದು ಕಣ್ಣಲ್ಲೇ ಕೇಳುತ್ತಾನೆ ಎಂದು ಕಾದೆ. ಯಾರೂ ತಿರುಗಲಿಲ್ಲ. ಮೈದಾನದಲ್ಲಿ ಜನ ಕುಣಿಯುತ್ತಲೇ ಇದ್ದರು. ಹಾಡು ಬೋಳಾಗಲಿಲ್ಲ, ಗೋಡೆ ಬೀಳಲಿಲ್ಲ.

ಹಾಡು ಮುಗಿದ ಕೂಡಲೇ ಮೊದಲ ಸಾಲಿನಿಂದ ಆ ಹುಡುಗಿ ಎರಡೂ ಕೈ ಎತ್ತಿ ಕೂಗಿದಳು: "ಬಾಸ್ ಅಣ್ಣ, ಭಾರೀ ಲಾಯ್ಕ್ ಆಯ್ತ್."

ಹುಡುಗರಿಬ್ಬರೂ ದನಿ ಸೇರಿಸಿದರು. ಅದರಲ್ಲಿ ಕುಹಕವಿರಲಿಲ್ಲ. ಬಸ್ಸಿನಲ್ಲಿ ನನ್ನ ಮನಸ್ಸು ನೋಯಿಸಿದ್ದಕ್ಕೆ ಆ ಮಗು ನನ್ನನ್ನು ಸಮಾಧಾನ ಮಾಡುತ್ತಿತ್ತು. ಏನೆಂದು ತಿಳಿಯದಿದ್ದರೂ ಹಾಡುವವನು ಮೈಕ್ ಹಿಡಿದುಕೊಂಡೇ ನನ್ನ ಕಡೆ ಕೈ ತೋರಿಸಿದ. ಇಡೀ ಮೈದಾನ ಚಪ್ಪಾಳೆ ತಟ್ಟಿತು. ಕರೆಂಟೇ ಇರಲಿಲ್ಲ ಮಾರಾಯ್ರೆ ಎಂದುಬಿಟ್ಟಿದ್ದರೆ ಎಲ್ಲರೂ ನಕ್ಕು ಮುಗಿಯುತ್ತಿತ್ತು. ನಾನು ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದೆ.

ಸಾಮಾನು ಕಟ್ಟುವಾಗ ಗಿಟಾರಿನವನು ಹತ್ತಿರ ಬಂದ. "ನಿಂಗೂ ಜನ ಇದ್ರ್ ಅಲ್ದಾ ಮಾರಾಯ," ಎಂದ. "ಲ್ಯಾಪ್‌ಟಾಪ್ ಎಲ್ಲ ಬ್ಯಾಡ. ನೀನೇ ಇರ್."

ನಾನು ವೈರು ಸುತ್ತುತ್ತಾ ಆಯ್ತು ಎಂದೆ. ಆ ಹಾಡು ನಾನಿಲ್ಲದೆಯೂ ಚೆನ್ನಾಗಿಯೇ ಇತ್ತು ಎಂದು ಅವತ್ತು ಅಲ್ಲಿದ್ದವರಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಬ್ಯಾಂಡಿನಲ್ಲಿ ಈಗಲೂ ಇದ್ದೇನೆ, ಅವರಿಗೆ ಇನ್ನೂ ಹೇಳಿಲ್ಲ.